ಹುಣಸೆಬೀಜದ ಬೆಲೆ

ಇಸ್ಪೀಟಿನ ಹೆಸರು ಕೇಳಿದೊಡನೆ ಹಿರಿಯರು ಮುಖ ಸಿಂಡರಿಸುವುದು ಸಹಜವೇ ಸರಿ. ಧರ್ಮರಾಯನ ಕಾಲದಿಂದಲೂ ನಮ್ಮ ಮನೆಗಳಲ್ಲಿ ನಡೆದುಬಂದಿರುವ ಭಯವದು. ಆದುದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಇಲ್ಲಿ ವಿವರಿಸಹೊರಟಿರುವ ಆಟದಲ್ಲಿ ಒಂದು ಕಾಸಿನ ವ್ಯವಹಾರವೂ ನಡೆಯಲಿಲ್ಲ. ಹಣವಿಟ್ಟು ಅಂತರ್ಜಾಲದಲ್ಲಿ ಆಡುವ ಆಟಗಳನ್ನು 2025ರಲ್ಲಿ ನಮ್ಮ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಅದನ್ನು ಕುರಿತು ನನಗೆ ದುಃಖವೇನೂ ಇಲ್ಲ. ನಾವು ಆಡಿದ್ದು ವಿದ್ಯಾರ್ಥಿನಿಲಯದ ಊಟದ ಕೋಣೆಯಲ್ಲಿ, ಹುಣಸೆಬೀಜಗಳನ್ನಿಟ್ಟುಕೊಂಡು. ಅದೂ ಅಧ್ಯಾಪಕರೊಬ್ಬರ ಸಮ್ಮುಖದಲ್ಲಿ.

ಇದಕ್ಕೆಲ್ಲ ಕಾರಣ ನಾನೇ. ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಇಳಿಮುಖ ತುಷ್ಟಿಗುಣ ನಿಯಮವನ್ನು ಪಾಠ ಹೇಳುತ್ತಿದ್ದರು. ಹಸಿದವನಿಗೆ ಮೊದಲನೆಯ ದೋಸೆ ಅಮೃತ, ಎರಡನೆಯದು ರುಚಿ, ಐದನೆಯದು ಶಿಕ್ಷೆ ಎಂಬ ಉದಾಹರಣೆ ಮುಗಿದ ಮೇಲೆ ನಾನು ಎದ್ದುನಿಂತು, “ಸಾರ್, ತಿನ್ನಲಾಗದ ವಸ್ತುವಿಗೂ ಈ ನಿಯಮ ಅನ್ವಯಿಸುವುದೇ?” ಎಂದು ಕೇಳಿದೆ. ತರಗತಿ ನಕ್ಕಿತು. ಅವರು ನಗಲಿಲ್ಲ. “ಭಾನುವಾರ ಇನ್ನೂರು ಹುಣಸೆಬೀಜ ತೆಗೆದಿಡು, ತೋರಿಸುತ್ತೇನೆ” ಎಂದರು. ಬೀಜಕ್ಕೇನು ಕೊರತೆ? ನಮ್ಮ ಅಡಿಗೆಯವರು ದಿನವೂ ಸಾರಿಗೆಂದು ಹಣ್ಣು ಬಿಡಿಸಿ ಎಸೆಯುವುದೇ ಅಷ್ಟಿರುತ್ತದೆ.

ಅವರು ಬಂದು ಕಲಿಸಿದ ಆಟ ಪೋಕರ್. ರಮ್ಮಿ, ಇಪ್ಪತ್ತೆಂಟು ಬಲ್ಲವರಿಗೆ ಇದರ ಮೇಲ್ಮೈ ತಿಳಿಯಲು ಕಾಲು ಗಂಟೆ ಸಾಕು. ಪ್ರತಿಯೊಬ್ಬನಿಗೂ ಎರಡು ಎಲೆ ಗುಟ್ಟಾಗಿ ಕೊಡುತ್ತಾರೆ. ನಡುವೆ ಐದು ಎಲೆ ಹಂತಹಂತವಾಗಿ ತೆರೆದಿಡುತ್ತಾರೆ. ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿಕೊಂಡವನು ಗೆದ್ದ. ಆದರೆ ಎಲೆ ತೋರಿಸುವ ಮುನ್ನವೇ ಪಣವನ್ನು ಏರಿಸುತ್ತ ಹೋಗಬಹುದು. ಎದುರಾಳಿ ಹೆದರಿ ಎಲೆ ಕೆಳಗಿಟ್ಟರೆ ಕೆಟ್ಟ ಎಲೆಯಿದ್ದವನೂ ಗೆಲ್ಲುತ್ತಾನೆ. ಯಾರೂ ಸುಮ್ಮನೆ ಕುಳಿತು ಕಾಲ ತಳ್ಳಬಾರದೆಂದು ಪ್ರತಿ ಆಟಕ್ಕೂ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಪಣವಿಡಬೇಕು. ಒಬ್ಬನದು ಚಿಕ್ಕ ಪಣ, ಅವನ ಪಕ್ಕದವನದು ದೊಡ್ಡ ಪಣ. ಈ ಸರದಿ ಸುತ್ತುತ್ತಿರುತ್ತದೆ.

ನಾವು ಎಂಟು ಮಂದಿ, ತಲೆಗೆ 25 ಬೀಜ. ಅಧ್ಯಾಪಕರು ತಮ್ಮ ಕೈಯಿಂದ ಹತ್ತು ಮಸಾಲೆ ದೋಸೆಗಳನ್ನು ಬಹುಮಾನವಾಗಿ ಘೋಷಿಸಿದರು. ಮೊದಲನೆಯವನಿಗೆ ಐದು, ಎರಡನೆಯವನಿಗೆ ಮೂರು, ಮೂರನೆಯವನಿಗೆ ಎರಡು. ಉಳಿದವರಿಗೆ ನಿಲಯದ ಉಪ್ಪಿಟ್ಟು. ಬೀಜವೆಲ್ಲ ಕಳೆದುಕೊಂಡವನು ಏಳಬೇಕು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಡುವೆ ಎದ್ದುಹೋಗಿ, “ನನ್ನ ಬಳಿ ಇಷ್ಟು ಬೀಜ ಇವೆ, ಇಷ್ಟು ದೋಸೆ ಕೊಡಿ” ಎನ್ನುವಂತಿಲ್ಲ. ದೋಸೆ ಸಿಗುವುದು ಬೀಜಕ್ಕಲ್ಲ, ಸ್ಥಾನಕ್ಕೆ. ಪೋಕರ್ ಪಂದ್ಯಾವಳಿಯ ತೊಡಕೆಲ್ಲ ಹುಟ್ಟುವುದು ಇದೊಂದರಿಂದಲೇ.

ಈ ಪಂದ್ಯಾವಳಿಗಳ ತವರು ಅಮೆರಿಕದ ಲಾಸ್ ವೇಗಸ್ ನಗರ. ಅಲ್ಲಿನ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ 1970ರಲ್ಲಿ ಆರಂಭವಾಯಿತು. ಅದರ ಮುಖ್ಯ ಪಂದ್ಯದಲ್ಲಿ ಮೊದಮೊದಲು ಗೆದ್ದವನೊಬ್ಬನಿಗೇ ಎಲ್ಲವೂ. 1978ರಿಂದ ಬಹುಮಾನವನ್ನು ಹಲವರಿಗೆ ಹಂಚುವ ಪದ್ಧತಿ ಬಂತು. ಒಬ್ಬನಿಗೇ ಎಲ್ಲವೂ ಎಂದಾಗ ಎರಡನೆಯವನಾದರೂ ಒಂದೇ, ಕೊನೆಯವನಾದರೂ ಒಂದೇ. ಬೀಜದ ಲೆಕ್ಕವೇ ಬಹುಮಾನದ ಲೆಕ್ಕ. ಹಂಚಲು ಹೊರಟೊಡನೆ ಎಲ್ಲಿಯೋ ಒಂದು ಗೆರೆ ಎಳೆಯಬೇಕಾಗುತ್ತದೆ. 2024ರ ಮುಖ್ಯ ಪಂದ್ಯದಲ್ಲಿ ತಲಾ ಹತ್ತು ಸಾವಿರ ಡಾಲರ್ ತೆತ್ತು 10,112 ಮಂದಿ ಕುಳಿತರು. ಬಹುಮಾನ 1,517 ಮಂದಿಗೆ. 1,517ನೆಯವನಿಗೆ 15,000 ಡಾಲರ್, 1,518ನೆಯವನಿಗೆ ಸೊನ್ನೆ. ಈ ಗೆರೆಯ ಅಂಚಿನ ಹೊತ್ತನ್ನು ಆಟಗಾರರು ‘ಗುಳ್ಳೆ’ ಎಂದು ಕರೆಯುತ್ತಾರೆ. ಇನ್ನೊಬ್ಬ ಎದ್ದರೆ ಗುಳ್ಳೆ ಒಡೆಯಿತು, ಉಳಿದವರೆಲ್ಲ ಬದುಕಿದರು. ಆ ಹೊತ್ತಿನಲ್ಲಿ ಒಂದು ಮೇಜಿನವರು ಬೇಕೆಂದೇ ನಿಧಾನ ಮಾಡಿ, ಬೇರೆ ಮೇಜಿನಲ್ಲಿ ಯಾರಾದರೂ ಏಳಲಿ ಎಂದು ಕಾಯಬಾರದಲ್ಲವೆ? ಅದಕ್ಕಾಗಿ ಎಲ್ಲ ಮೇಜುಗಳಲ್ಲೂ ಒಂದು ಆಟ ಮುಗಿಯುವವರೆಗೆ ಯಾರಿಗೂ ಮುಂದಿನ ಎಲೆ ಹಂಚುವುದಿಲ್ಲ.

ನಮ್ಮ ಊಟದ ಕೋಣೆಯ ಗುಳ್ಳೆ ನಾಲ್ವರು ಉಳಿದಾಗ ಬಂತು. ನಿಲಯದ ವಾಡಿಕೆಯಂತೆ ಊರ ಹೆಸರಿನಿಂದಲೇ ಅವರನ್ನು ಕರೆಯುತ್ತೇನೆ. ಚಳ್ಳಕೆರೆಯವನ ಮುಂದೆ 90 ಬೀಜ, ನನ್ನ ಮುಂದೆ 50, ಸೊರಬದವನ ಮುಂದೆ 40, ತಿಪಟೂರಿನವನ ಮುಂದೆ 20. ಕಡ್ಡಾಯ ಪಣ ಎರಡು ಮತ್ತು ನಾಲ್ಕಕ್ಕೆ ಏರಿತ್ತು. ಚಳ್ಳಕೆರೆಯವನು ಎಲೆ ನೋಡುತ್ತಿದ್ದನೋ ಇಲ್ಲವೋ, ಪ್ರತಿ ಸಲವೂ ರಾಶಿಯನ್ನೆಲ್ಲ ಮುಂದೆ ತಳ್ಳಿ ನಗುತ್ತಿದ್ದ. ನಾವು ಮೂವರೂ ಎಲೆ ಕೆಳಗಿಡುತ್ತಿದ್ದೆವು. ನನಗೆ ಹೊಟ್ಟೆಯುರಿ ಹತ್ತಿತು.

ಆಗ ನನಗೆ ಬಂದದ್ದು ಇಸ್ಪೀಟು ಎಕ್ಕ, ಆಟೀನು ರಾಜ. ನನ್ನದು ನಾಲ್ಕು ಬೀಜದ ದೊಡ್ಡ ಪಣದ ಸರದಿ, ಚಳ್ಳಕೆರೆಯವನದು ಚಿಕ್ಕ ಪಣದ್ದು. ಉಳಿದಿಬ್ಬರೂ ಎಲೆ ಕೆಳಗಿಟ್ಟರು. ಅವನು ಎಂದಿನಂತೆ ಎಲ್ಲವನ್ನೂ ಒಡ್ಡಿದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ನಾನು ಇನ್ನು ಇಡಬೇಕಾದುದು 46, ಗೆದ್ದರೆ ನನ್ನ ಮುಂದೆ 100. ನೂರರಲ್ಲಿ 46 ಸಲ ಗೆದ್ದರೂ ನಷ್ಟವಿಲ್ಲ. ಅವನ ಕೈಯಲ್ಲಿ ಯಾವುದೋ ಎರಡು ಎಲೆ. ಅಂಥವುಗಳ ಎದುರಿಗೆ ಎಕ್ಕ-ರಾಜ ನೂರಕ್ಕೆ ಸುಮಾರು 65 ಸಲ ಗೆಲ್ಲುತ್ತದೆ. ಇನ್ನೇನು ಬೇಕು? ಮೀಸೆ ತಿರುವಿ ಸರಿಗಟ್ಟಿದೆ. ಅವನು ತೆರೆದದ್ದು ಒಂಬತ್ತು ಮತ್ತು ಆರು. ನನ್ನ ಊಹೆ ಸರಿಯಾಗಿತ್ತು. ನಡುವೆ ಬಿದ್ದ ಎಲೆಗಳು ಎರಡು, ಹತ್ತು, ಆರು, ನಾಲ್ಕು, ಗುಲಾಮ. ಅವನಿಗೆ ಆರರ ಜೋಡಿ, ನನಗೆ ಏನೂ ಇಲ್ಲ. ನಾನು ಎದ್ದೆ.

ಅದೃಷ್ಟ ಕೈಕೊಟ್ಟಿತೆಂದು ಗೊಣಗುತ್ತಿದ್ದ ನನ್ನನ್ನು ಅಧ್ಯಾಪಕರು ಪಕ್ಕಕ್ಕೆ ಕರೆದು, “ಅದೃಷ್ಟದ ಮಾತು ಬಿಡು. ಗೆದ್ದಿದ್ದರೂ ನೀನು ಮಾಡಿದ್ದು ತಪ್ಪೇ” ಎಂದರು. ನಾನು ಒಪ್ಪಲಿಲ್ಲ. ಆಮೇಲೆ ಊಟದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವರು ಬರೆದು ತೋರಿಸಿದ್ದನ್ನು ನಾನು ರಾತ್ರಿ ಎರಡು ಸಲ ಮತ್ತೆ ಮಾಡಿ ನೋಡಿದೆ. ತಪ್ಪು ಸಿಗಲಿಲ್ಲ. ಓದುಗರಿಗೂ ಅದನ್ನು ಒಪ್ಪಿಸುತ್ತೇನೆ.

ಪ್ರಶ್ನೆ ಹೀಗೆ: ಆಟ ನಡುವೆ ನಿಂತಿರುವಾಗ ಯಾರ ರಾಶಿ ಎಷ್ಟು ದೋಸೆಗೆ ಸಮ? ಇದಕ್ಕೆ ಬಳಸುವ ವಿಧಾನ ಮೂಲತಃ ಕುದುರೆ ಓಟದ್ದು. ಒಂದು ಓಟದಲ್ಲಿ ಯಾವ ಕುದುರೆ ಮೊದಲು ಬರುವ ಸಂಭವ ಎಷ್ಟೆಂದು ಗೊತ್ತಿದ್ದರೆ, ಎರಡನೆಯದು, ಮೂರನೆಯದು ಯಾವುದೆಂಬುದರ ಸಂಭವವನ್ನು ಹೇಗೆ ಕಟ್ಟುವುದೆಂದು ಡೇವಿಡ್ ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1973ರಲ್ಲಿ ಪ್ರಬಂಧ ಬರೆದರು. ಗೆದ್ದ ಕುದುರೆಯನ್ನು ಲೆಕ್ಕದಿಂದ ತೆಗೆದುಬಿಡಿ, ಉಳಿದವುಗಳ ನಡುವೆ ಮತ್ತೆ ಅದೇ ಪ್ರಮಾಣದಲ್ಲಿ ಹಂಚಿ ಎಂಬುದು ಅದರ ಸಾರ. ಇದೇ ಬಗೆಯ ಲೆಕ್ಕವನ್ನು 1980ರ ದಶಕದಲ್ಲಿ ಮೇಸನ್ ಮಾಲ್ಮತ್ ಎಂಬ ಲೇಖಕರು ಪೋಕರಿಗೆ ತಂದರು. ಕುದುರೆಯ ಬಲದ ಜಾಗದಲ್ಲಿ ಬೀಜದ ರಾಶಿ. ನನ್ನ ಬಳಿ ಕಾಲು ಭಾಗ ಬೀಜವಿದ್ದರೆ ಮೊದಲನೆಯವನಾಗುವ ಸಂಭವ ಕಾಲು, ಚಳ್ಳಕೆರೆಯವನು ಮೊದಲಾದ ಪಕ್ಷದಲ್ಲಿ ಉಳಿದ 110 ಬೀಜಗಳಲ್ಲಿ ನನ್ನ 50ರ ಪ್ರಮಾಣವೇ ನಾನು ಎರಡನೆಯವನಾಗುವ ಸಂಭವ, ಹೀಗೆಯೇ ಮುಂದಕ್ಕೆ. ನಾಲ್ವರಿಗೆ ಇದನ್ನು ಕೈಯಲ್ಲೇ ಮಾಡಬಹುದು, ತಾಳ್ಮೆಯೊಂದಿದ್ದರೆ.

ಲೆಕ್ಕ ಮಾಡಿದಾಗ ಬಂದದ್ದು: ಚಳ್ಳಕೆರೆಯವನ 90 ಬೀಜಕ್ಕೆ 3.54 ದೋಸೆ, ನನ್ನ 50ಕ್ಕೆ 2.71, ಸೊರಬದವನ 40ಕ್ಕೆ 2.39, ತಿಪಟೂರಿನವನ 20ಕ್ಕೆ 1.36. ಬೀಜಗಳ ಪ್ರಕಾರ ನೇರವಾಗಿ ಹಂಚಿದ್ದರೆ ಚಳ್ಳಕೆರೆಯವನಿಗೆ ನಾಲ್ಕೂವರೆ, ತಿಪಟೂರಿನವನಿಗೆ ಒಂದೇ ಒಂದು ಬರುತ್ತಿತ್ತು. ದೊಡ್ಡ ರಾಶಿಯ ಒಂದೊಂದು ಬೀಜ ಅಗ್ಗ. ಚಿಕ್ಕ ರಾಶಿಯ ಒಂದೊಂದು ಬೀಜ ತುಟ್ಟಿ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ತಿನ್ನಲಾಗದ ಬೀಜಕ್ಕೂ ಬೆಲೆ ಇಳಿಯುತ್ತದೆ. ಹೊಟ್ಟೆ ತುಂಬಿದ್ದರಿಂದಲ್ಲ; ಇನ್ನೂರು ಬೀಜವನ್ನೂ ಬಾಚಿಕೊಂಡರೂ ಸಿಗುವುದು ಐದೇ ದೋಸೆ, ಹತ್ತಲ್ಲವಾದ್ದರಿಂದ.

ಈಗ ನನ್ನ ಸಾಹಸವನ್ನು ಮತ್ತೆ ನೋಡಿ. ನಾನು ಗೆದ್ದಿದ್ದರೆ ನನ್ನ ಮುಂದೆ 100 ಬೀಜ. ಅದರ ಬೆಲೆ 3.72 ದೋಸೆ. ಸೋತರೆ ಸೊನ್ನೆ. ಎಲೆ ಕೆಳಗಿಟ್ಟಿದ್ದರೆ 46 ಬೀಜ, ಬೆಲೆ 2.60. ಎರಡು ದೋಸೆ ಅರವತ್ತರಷ್ಟನ್ನು ಪಣವಾಗಿಟ್ಟು ಮೂರು ಎಪ್ಪತ್ತೆರಡನ್ನು ಪಡೆಯಲು ಹೊರಟವನು ನೂರಕ್ಕೆ 70 ಸಲ ಗೆಲ್ಲಬೇಕು. ನಾನು 46 ಸಾಕೆಂದುಕೊಂಡಿದ್ದೆ. ನನ್ನ ಕೈಯಲ್ಲಿದ್ದುದು 65. ಎಕ್ಕ-ರಾಜ ಸಾಲದು, ಒಂಬತ್ತರ ಜೋಡಿ ಇದ್ದಿದ್ದರೆ, ಅದು ಸುಮಾರು 72 ಸಲ ಗೆಲ್ಲುವುದರಿಂದ, ಸರಿಗಟ್ಟಬಹುದಿತ್ತು.

ಇದಕ್ಕಿಂತಲೂ ನನ್ನನ್ನು ಕಲಕಿದ್ದು ಮುಂದಿನ ಸಾಲು. ನಾನು ಎದ್ದ ಕ್ಷಣದಲ್ಲಿ ನನ್ನ 2.71 ದೋಸೆಗಳು ಎಲ್ಲಿ ಹೋದವು? ಬೀಜವೆಲ್ಲ ಚಳ್ಳಕೆರೆಯವನಿಗೆ ಹೋಯಿತು. ಆದರೆ ಅವನ ಪಾಲು ಏರಿದ್ದು 0.81 ಮಾತ್ರ. ಸೊರಬದವನದು 0.70 ಏರಿತು. ಎಲೆಯನ್ನು ಕೆಳಗಿಟ್ಟು ಕಿಟಕಿಯ ಹೊರಗೆ ಮಳೆ ನೋಡುತ್ತಿದ್ದ ತಿಪಟೂರಿನವನ ಪಾಲು 1.36ರಿಂದ 2.56ಕ್ಕೆ ಹಾರಿತು. ನನ್ನ ನಷ್ಟದ ಅತಿ ದೊಡ್ಡ ಭಾಗ ಆ ಜಗಳದಲ್ಲಿ ಭಾಗಿಯೇ ಅಲ್ಲದವನಿಗೆ ಸಂದಿತು! ಇಬ್ಬರು ಕಾದಾಡಿದಾಗಲೆಲ್ಲ ಕಾದಾಡಿದ ಇಬ್ಬರೂ ಸೇರಿ ಕಳೆದುಕೊಳ್ಳುವುದೂ, ಸುಮ್ಮನಿದ್ದವರು ಗಳಿಸುವುದೂ ಗುಳ್ಳೆಯ ಹೊತ್ತಿನ ಧರ್ಮವಂತೆ.

ಇಲ್ಲಿ ಮನೆಯ ಮಾತೊಂದನ್ನು ಆಡಲು ಅಪ್ಪಣೆ ಬೇಡುತ್ತೇನೆ. ಹೋದ ಬೇಸಿಗೆಯಲ್ಲಿ ಕೊಳವೆ ಬಾವಿ ತೋಡಿಸುವ ವಿಷಯವಾಗಿ ನನಗೂ ಅಪ್ಪನಿಗೂ ಮಾತು ಬೆಳೆದಿತ್ತು. ನಮ್ಮದು ಮೂರು ಎಕರೆ. ಸುತ್ತಮುತ್ತ ಐದು ಕಡೆ ತೋಡಿಸಿದಲ್ಲಿ ಮೂರು ಕಡೆ ನೀರು ಬಿದ್ದಿತ್ತು. ನೂರಕ್ಕೆ ಅರವತ್ತು, ಸಾಲ ಮಾಡಿಯಾದರೂ ತೋಡಿಸಬೇಕು ಎಂದು ನಾನು ವಾದಿಸಿದೆ. ಅಪ್ಪ, “ಬೀಳದಿದ್ದರೆ ಹೊಲ ಸಾಲಕ್ಕೆ ಹೋಗುತ್ತಪ್ಪ, ಆಮೇಲೆ ನೀರು ತಗೊಂಡು ಏನು ಮಾಡ್ತೀಯ?” ಎಂದಷ್ಟೇ ಹೇಳಿ ಎದ್ದುಹೋದರು. ಅವರಿಗೆ ಧೈರ್ಯವಿಲ್ಲವೆಂದು ನಾನು ಅವ್ವನ ಮುಂದೆ ಅಂದಿದ್ದೆ. ಆ ರಾತ್ರಿ 46 ಮತ್ತು 70ನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡು ಕುಳಿತಾಗ ಆ ಮಾತು ನೆನಪಿಗೆ ಬಂದು ಬಹಳ ಹೊತ್ತು ನಿದ್ರೆ ಬರಲಿಲ್ಲ.

ಹಾಗಾದರೆ ಬೀಜ ಕಡಿಮೆಯಿದ್ದವನು ಮಳೆ ನೋಡುತ್ತ ಕುಳಿತರೆ ಸಾಕೆ? ಹಾಗೆ ತಿಳಿದರೆ ತಿಪಟೂರಿನವನಿಗೆ ಅನ್ಯಾಯ ಮಾಡಿದಂತೆ. ಅವನ ಆಟವನ್ನು ನಾನು ಆಮೇಲೆ ಅವನಿಂದಲೇ ಕೇಳಿ ತಿಳಿದೆ. ನಾಲ್ವರಿರುವಾಗ ಒಂದು ಸುತ್ತಿಗೆ ಕಡ್ಡಾಯ ಪಣವೇ ಆರು ಬೀಜ ತಿನ್ನುತ್ತದೆ. ಎರಡು ಸುತ್ತು ಸುಮ್ಮನೆ ಕುಳಿತರೆ ಇಪ್ಪತ್ತು ಎಂಟಾಗುತ್ತದೆ. ಎಂಟನ್ನು ಒಡ್ಡಿದರೆ ಯಾರು ಹೆದರುತ್ತಾರೆ? ಈಗಾಗಲೇ ನಾಲ್ಕಿಟ್ಟಿರುವ ದೊಡ್ಡ ಪಣದವನಿಗೆ ಇನ್ನು ನಾಲ್ಕು ಕೊಟ್ಟರೆ ನಡುವಿನ ಹದಿನಾಲ್ಕು ಗೆಲ್ಲುವ ಅವಕಾಶ. ಕಣ್ಣು ಮುಚ್ಚಿ ಸರಿಗಟ್ಟುತ್ತಾನೆ. ಅದೇ ಇಪ್ಪತ್ತನ್ನು ಒಡ್ಡಿದರೆ ಅವನು ಇಪ್ಪತ್ತಾರು ಗೆಲ್ಲಲು ಹದಿನಾರು ತೆರಬೇಕು. ಯೋಚಿಸುತ್ತಾನೆ; ಹಲವು ಸಲ ಬಿಡುತ್ತಾನೆ. ಬಿಟ್ಟರೆ ಕೂತಲ್ಲೇ ಆರು ಬೀಜ ಲಾಭ, ಅಂದರೆ ಇದ್ದ ರಾಶಿಗೆ ನೂರಕ್ಕೆ ಮೂವತ್ತು. ಆದುದರಿಂದ ಚಿಕ್ಕ ರಾಶಿಯವನು ಏನಾದರೂ ಮಾಡುವುದಿದ್ದರೆ ರಾಶಿಗೆ ಇನ್ನೂ ತೂಕವಿರುವಾಗಲೇ ಮಾಡಬೇಕು. ಅಳಿದುಳಿದ ಮೇಲೆ ತೋರಿಸುವ ಪೌರುಷ ಯಾರಿಗೂ ಬೇಡ.

ಮಾಡುವುದನ್ನು ಒಡ್ಡಿ ಮಾಡಬೇಕು, ಸರಿಗಟ್ಟಿ ಅಲ್ಲ. ಮೊದಲು ಒಡ್ಡುವವನಿಗೆ ಗೆಲ್ಲಲು ಎರಡು ದಾರಿ: ಎದುರಾಳಿ ಬಿಡಬಹುದು, ಇಲ್ಲವೇ ಎಲೆ ಒಲಿಯಬಹುದು. ಸರಿಗಟ್ಟುವವನಿಗೆ ಎಲೆಯೊಂದೇ ಗತಿ. ಯಾರ ಮೇಲೆ ಒಡ್ಡಬೇಕೆಂಬುದನ್ನೂ ನೋಡಬೇಕು. ಚಳ್ಳಕೆರೆಯವನಿಗೆ ಇಪ್ಪತ್ತು ಬೀಜ ಹೋದರೂ ಎಪ್ಪತ್ತು ಉಳಿಯುತ್ತದೆ, ಅವನು ಹಾಳು ಎಲೆಯಲ್ಲೂ ನೋಡಿಬಿಡೋಣ ಎನ್ನುತ್ತಾನೆ. ಸೊರಬದವನಿಗೆ ಇಪ್ಪತ್ತು ಹೋದರೆ ಅರ್ಧ ಮನೆ ಹೋದಂತೆ. ತಿಪಟೂರಿನವನು ಆ ಮೊದಲು ಐವರಿದ್ದಾಗ ಎರಡು ಸಲ ಎಲ್ಲವನ್ನೂ ಒಡ್ಡಿದ್ದ. ಒಮ್ಮೆ ಸೊರಬದವನ ದೊಡ್ಡ ಪಣದ ಮೇಲೆ, ಒಮ್ಮೆ ನನ್ನದರ ಮೇಲೆ. ಇಬ್ಬರೂ ಬಿಟ್ಟೆವು. ಅವನ ಕೈಯಲ್ಲಿ ಏನಿತ್ತೆಂದು ಕೇಳಿದೆ. “ರಾಣಿ, ಏಳು” ಎಂದ. ಇನ್ನೊಂದು ಸಲ? ಅದನ್ನು ಇನ್ನೂ ಹೇಳಿಲ್ಲ.

ಮತ್ತೊಂದು ಆಶ್ಚರ್ಯವೂ ಲೆಕ್ಕದಲ್ಲಿ ಕಂಡಿತು. ನನ್ನ ಜಾಗದಲ್ಲಿ, ಅಂದರೆ ದೊಡ್ಡ ಪಣದ ಸರದಿಯಲ್ಲಿ, ಇಪ್ಪತ್ತು ಬೀಜದೊಡನೆ ಅವನು ಕುಳಿತಿದ್ದು ಚಳ್ಳಕೆರೆಯವನು ಎಲ್ಲವನ್ನೂ ಒಡ್ಡಿದ್ದರೆ, ಸರಿಗಟ್ಟಲು ಅವನಿಗೆ ನೂರಕ್ಕೆ 52 ಸಾಕಾಗಿತ್ತು. ನನಗೆ 70 ಬೇಕಿತ್ತು. ಗುಳ್ಳೆಯ ಹೊತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಕೈಕಾಲು ಕಟ್ಟಿಸಿಕೊಂಡವನು ಬಡವನಲ್ಲ, ನಡುವಿನವನು. ಅವನಿಗೆ ಕಳೆದುಕೊಳ್ಳಲು ಇದೆ, ಕಳೆದುಕೊಳ್ಳುವಂತೆ ಮಾಡಬಲ್ಲ ದೊಡ್ಡವನು ಎದುರಿಗೇ ಇದ್ದಾನೆ, ತನಗಿಂತ ಮೊದಲು ಏಳಬಹುದಾದವರೂ ಇದ್ದಾರೆ. ದೊಡ್ಡ ರಾಶಿಯವನು ಒಂಬತ್ತು-ಆರು ಹಿಡಿದು ನಕ್ಕದ್ದು ಮೂರ್ಖತನದಿಂದಲ್ಲ. ನಾನು ಬಿಡಲೇಬೇಕೆಂದು ಅವನಿಗೆ ಗೊತ್ತಿತ್ತು. ಬಿಡಲೇಬೇಕೆಂದು ನನಗೆ ಮಾತ್ರ ಗೊತ್ತಿರಲಿಲ್ಲ.

ಈ ವಿಧಾನದಲ್ಲಿ ಕುಂದುಗಳೂ ಇವೆ. ಯಾರು ಜಾಣ, ಯಾರು ಪೆದ್ದ ಎಂಬುದನ್ನು ಅದು ಕೇಳುವುದಿಲ್ಲ. ಮುಂದಿನ ಕಡ್ಡಾಯ ಪಣ ಯಾರ ತಲೆಯ ಮೇಲೆ ಬರಲಿದೆ ಎಂಬುದನ್ನೂ ನೋಡುವುದಿಲ್ಲ. ಬಹುಮಾನದ ಹಂಚಿಕೆ ಬೇರೆಯಾದರೆ ಉತ್ತರವೂ ಬೇರೆ. ಲಾಸ್ ವೇಗಸ್ಸಿನ 2024ರ ಪಂದ್ಯದಲ್ಲಿ ಕಡೆಯ ಬಹುಮಾನ 15,000 ಡಾಲರ್, ಮೊದಲನೆಯದು ಒಂದು ಕೋಟಿ ಡಾಲರ್. ಅಲ್ಲಿ ಬೆಲೆಯೆಲ್ಲ ತುದಿಯಲ್ಲಿದೆ. ಗೆರೆ ದಾಟುವುದಕ್ಕೇ ಉಸಿರು ಬಿಗಿಹಿಡಿದು ಕುಳಿತವನು ರಾಶಿಯನ್ನೆಲ್ಲ ಸವೆಸಿಕೊಂಡು ದಾಟಿದ ಮರುಗಳಿಗೆಯಲ್ಲೇ ಏಳುತ್ತಾನೆ. ಇದಕ್ಕೆ ತದ್ವಿರುದ್ಧವಾದದ್ದು ‘ಸ್ಯಾಟಲೈಟ್’ ಎಂಬ ಕಿರುಪಂದ್ಯ. ಅದರಲ್ಲಿ ಗೆದ್ದವರಿಗೆ ದೊಡ್ಡ ಪಂದ್ಯದ ಪ್ರವೇಶ ಸಿಗುತ್ತದೆ. 2003ರಲ್ಲಿ ಮುಖ್ಯ ಪಂದ್ಯ ಗೆದ್ದು 25 ಲಕ್ಷ ಡಾಲರ್ ಪಡೆದ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ನೌಕರ ಅಂಥ ಅಂತರ್ಜಾಲದ ಕಿರುಪಂದ್ಯದಿಂದಲೇ ಒಳಗೆ ಬಂದವನು. ಹತ್ತು ಪ್ರವೇಶಗಳಿದ್ದರೆ ಹತ್ತು ಮಂದಿಗೂ ಒಂದೇ ಸಮನಾದ ಬಹುಮಾನ, ಮೊದಲನೆಯವನಿಗೆಂದು ಹೆಚ್ಚಿಲ್ಲ. ಹನ್ನೊಂದು ಮಂದಿ ಉಳಿದು, ನಿಮ್ಮ ರಾಶಿ ಸುರಕ್ಷಿತವಾಗಿದ್ದಾಗ, ಎಕ್ಕದ ಜೋಡಿ ಬಂದರೂ ಕೆಳಗಿಡುವುದೇ ಸರಿಯಾಗುವ ಸಂದರ್ಭಗಳುಂಟು. ಇದನ್ನು ನಮ್ಮ ನಿಲಯದಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಕೈಗೆ ಬಂದ ಎರಡು ಎಕ್ಕಗಳನ್ನು ಯಾರಾದರೂ ಬಿಸಾಡುತ್ತಾರೆಯೆ? ಲೆಕ್ಕ ಬಿಸಾಡು ಎನ್ನುತ್ತದೆ.

ಉಳಿದ ಕಥೆ ಚಿಕ್ಕದು. ನಾನು ಎದ್ದ ಮೇಲೆ ತಿಪಟೂರಿನವನು ಮೂರು ಸಲ ರಾಶಿಯನ್ನೆಲ್ಲ ಒಡ್ಡಿದ. ಎರಡು ಸಲ ಯಾರೂ ಮುಟ್ಟಲಿಲ್ಲ, ಮೂರನೆಯ ಸಲ ಸೊರಬದವನು ಸರಿಗಟ್ಟಿ ಸೋತ. ಕೊನೆಗೆ ಚಳ್ಳಕೆರೆಯವನಿಗೆ ಐದು ದೋಸೆ, ತಿಪಟೂರಿನವನಿಗೆ ಮೂರು, ಸೊರಬದವನಿಗೆ ಎರಡು. ಸಂಜೆ ಎಲ್ಲರೂ ಹೋಟೆಲಿಗೆ ಹೋದೆವು. ನಾನು ಕಾಫಿ ಮಾತ್ರ ಹೇಳಿ ಕುಳಿತಿದ್ದೆ. ಲೆಕ್ಕದ ಪ್ರಕಾರ ತಿಪಟೂರಿನವನ ತಟ್ಟೆಯಲ್ಲಿ ನನ್ನದು ಒಂದು ದೋಸೆಗಿಂತ ಸ್ವಲ್ಪ ಹೆಚ್ಚೇ ಇತ್ತು. ಅದನ್ನು ಅವನಿಗೆ ತಿಳಿಸಿದೆ. ಅವನು ಬಹಳ ಯೋಚಿಸಿ, ಮೂರನೆಯ ದೋಸೆಯಲ್ಲಿ ಪಲ್ಯ ಮುಟ್ಟದ ಒಂದು ತುದಿಯನ್ನು ಮುರಿದು ನನ್ನ ತಟ್ಟೆಗೆ ಹಾಕಿದ.